ಸ್ಟಾರ್ಟರ್ ಪೆಟ್ಟಿಗೆಯ ಸಾಕ್ಷ್ಯ

ಕನಕಪುರದಿಂದ ಮಳವಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಸಾತನೂರು ಸಿಗುತ್ತದೆ. ಅದರ ಸುತ್ತಿನ ಹಿಪ್ಪುನೇರಳೆ ತೋಟಗಳ ಬದುವಿನಲ್ಲಿ ಒಂದು ಕಂಬ, ಕಂಬಕ್ಕೊಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಇರುತ್ತದೆ. ಮೋಟರನ್ನು ಕಾಯಲೆಂದೇ ಇರುವ ಈ ಸ್ಟಾರ್ಟರನ್ನು ಬಿಚ್ಚಿದರೆ, ಕಾಯುವ ಭಾಗಗಳನ್ನೇ ತಪ್ಪಿಸಿ ವೈರು ಎಳೆದಿರುವುದು ಎಷ್ಟೋ ಕಡೆ ಕಾಣುತ್ತದೆ. ಓವರ್‌ಲೋಡ್ ರಿಲೇಯನ್ನು ಶಾರ್ಟ್ ಮಾಡಿರುತ್ತಾರೆ, ಒಂದು ಫೇಸು ಹೋದರೆ ಮೋಟರನ್ನು ನಿಲ್ಲಿಸುವ ಪ್ರಿವೆಂಟರಿನ ವೈರು ಕಳಚಿರುತ್ತಾರೆ, ಫ್ಯೂಸಿನ ಜಾಗಕ್ಕೆ ದಪ್ಪ ತಾಮ್ರದ ತಂತಿ ಸುತ್ತಿರುತ್ತಾರೆ. ಇದನ್ನು ಕಂಡ ಎಂಜಿನಿಯರುಗಳು ರೈತನ ಅಜ್ಞಾನ ಎಂದು ತೀರ್ಮಾನ ಕೊಟ್ಟು ಮುಂದೆ ಹೋಗುತ್ತಾರೆ. ಆ ತೀರ್ಮಾನ ತಪ್ಪು ಎಂಬುದು ನನ್ನ ವಾದ. ಈ ಅಡ್ಡವೈರುಗಳು ಅಜ್ಞಾನದ ಗುರುತಲ್ಲ, ಈ ಸೀಮೆಗೆ ವಿದ್ಯುತ್ತು ಯಾವ ಬಗೆಯಲ್ಲಿ ಬಂತು ಎಂಬುದರ ದಾಖಲೆ. ದೋಷ ಹುಟ್ಟಿದ್ದು ಲೈನಿನಲ್ಲಿ. ಅದನ್ನು ಸಹಿಸಲು ಪೆಟ್ಟಿಗೆಯನ್ನು ತಿದ್ದಿದರು, ದಂಡ ತೆತ್ತಿದ್ದು ಬಾವಿಯೊಳಗಿನ ಮೋಟರು.

ವಿದ್ಯುತ್ತು ಈ ಸೀಮೆಗೆ ಹೊಸದಲ್ಲ, ಸಿಕ್ಕಿದ್ದು ಮಾತ್ರ ತಡವಾಗಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಯೋಜನೆ 1902ರ ಜೂನ್ ಕೊನೆಗೆ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಮುಟ್ಟಿಸಿತು. ಸುಮಾರು 147 ಕಿಲೋಮೀಟರ್ ಉದ್ದದ ಆ ಮಾರ್ಗ ಕನಕಪುರ ಸೀಮೆಯ ಗುಡ್ಡಗಾಡನ್ನು ದಾಟಿಯೇ ಪೂರ್ವಕ್ಕೆ ಹೋಗಬೇಕಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ತಂತಿ ತಲೆಯ ಮೇಲೆ ಹಾದುಹೋದ ಹಳ್ಳಿಗಳು ಸೀಮೆಎಣ್ಣೆ ಬುಡ್ಡಿಯಲ್ಲೇ ಉಳಿದವು. ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಮೈಸೂರು ಸರ್ಕಾರ ಗಣಿಗಳಿಗೆ ವಿದ್ಯುತ್ ಮಾರಿದ್ದು ಎಚ್.ಪಿ. ಲೆಕ್ಕದಲ್ಲಿ, ಒಂದು ಎಚ್.ಪಿ.ಗೆ ವರ್ಷಕ್ಕೆ ಇಂತಿಷ್ಟು ಎಂದು. ಪಂಪ್‌ಸೆಟ್ಟುಗಳಿಗೂ ಮುಂದೆ ಇದೇ ಎಚ್.ಪಿ. ದರ ಬಂತು. ಆದರೆ ಗಣಿಗೆ ಆ ದರದ ಜೊತೆಗೆ ಕರಾರು ಇತ್ತು, ಹಗಲು ರಾತ್ರಿ ತಡೆಯಿಲ್ಲದ ಸರಬರಾಜಿನ ಹೊಣೆ ಇತ್ತು. ಅದಿರು ಕುಟ್ಟುವ ಯಂತ್ರ ನಿಂತರೆ ನಷ್ಟ ಎಷ್ಟೆಂದು ಎರಡೂ ಕಡೆಯವರಿಗೆ ಗೊತ್ತಿತ್ತು. ರೈತನಿಗೆ ದರ ಬಂತು, ಹೊಣೆ ಬರಲಿಲ್ಲ.

ಆ ಹೊಣೆ ಇಲ್ಲಿ ಯಾಕೆ ಅಷ್ಟು ಮುಖ್ಯ ಎಂಬುದನ್ನು ನೆಲವೇ ಹೇಳುತ್ತದೆ. ಕಬ್ಬಾಳಿನ ಬೆಟ್ಟದಂಥ ಬಂಡೆಗಳ ನಾಡು ಇದು. ಕಾವೇರಿ ಹತ್ತಿರವೇ ಇದ್ದರೂ ಅವಳು ಹರಿಯುವುದು ಕೆಳಗಿನ ಕಣಿವೆಯಲ್ಲಿ. ಮಂಡ್ಯದ ಕಡೆಯ ನಾಲೆಯ ಸುಖ ಇಲ್ಲಿಯ ಹೊಲಗಳಿಗೆ ಇಲ್ಲ. ನೀರು ಬೇಕಾದರೆ ಬಂಡೆ ಕೊರೆಯಬೇಕು. ಮೇಲಾಗಿ ರೇಷ್ಮೆಯದು ಕಾಯುವ ಬೆಳೆಯಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಸುಮಾರು ನೂರಕ್ಕೆ ಎಂಬತ್ತು ಪಾಲು ಕೊನೆಯ ಒಂದು ವಾರದಲ್ಲೇ ಬೇಕು. ಆ ವಾರಕ್ಕೆ ಸೊಪ್ಪು ಸಿದ್ಧವಿರಬೇಕಾದರೆ ಅದಕ್ಕೂ ಮೊದಲಿನ ವಾರಗಳಲ್ಲಿ ತೋಟಕ್ಕೆ ನೀರು ತಪ್ಪಬಾರದು. ಮೂರು ಫೇಸ್ ಸಿಗುವುದೋ ಪಾಳಿಯಂತೆ, ಗೊತ್ತುಮಾಡಿದ ಕೆಲವೇ ಗಂಟೆ, ಎಷ್ಟೋ ಸಲ ರಾತ್ರಿ. ಆ ಗಂಟೆಗಳಲ್ಲಿ ಸ್ಟಾರ್ಟರ್ ಬಿದ್ದುಹೋದರೆ ಆ ದಿನದ ನೀರು ಹೋದ ಹಾಗೆ.

ಈಗ ಪೆಟ್ಟಿಗೆಯೊಳಗಿನ ಕೆಲಸ ನೋಡೋಣ. ಹಸಿರು ಬಟನ್ ಒತ್ತಿದಾಗ ನೋ-ವೋಲ್ಟ್ ಕಾಯಿಲ್‌ಗೆ ಕರೆಂಟು ಹೋಗಿ ಅದು ಕಾಂಟ್ಯಾಕ್ಟುಗಳನ್ನು ಎಳೆದು ಹಿಡಿಯುತ್ತದೆ. ಕರೆಂಟು ಹೋದರೆ ಹಿಡಿತ ಬಿಡುತ್ತದೆ. ಕೆಂಪು ಬಟನ್, ಓವರ್‌ಲೋಡ್ ರಿಲೇ, ಪ್ರಿವೆಂಟರ್ ಎಲ್ಲವೂ ಆ ಕಾಯಿಲ್‌ನ ದಾರಿಯಲ್ಲಿ ಒಂದರ ಹಿಂದೊಂದು ಕೂತ ಕಾವಲುಗಾರರು. ಒಬ್ಬ ಕೈಬಿಟ್ಟರೂ ಮೋಟರು ನಿಲ್ಲಬೇಕು.   

ಸಾತನೂರಿನ ಕಾವಲಿನಲ್ಲಿ ಮೊದಲಿಂದಲೂ ಒಂದು ಕುರುಡು ಇತ್ತು. ಸಾಮಾನ್ಯ ಸ್ಟಾರ್ಟರಿನ ಕಾಯಿಲ್ ಕೂತಿರುವುದು ಎರಡು ಫೇಸುಗಳ ನಡುವೆ. ಮೂರನೆಯದು ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಓಡುತ್ತಿರುವ ಮೋಟರು ಉಳಿದೆರಡು ಫೇಸಿನಿಂದ ಸುಮಾರು 1.73 ಪಟ್ಟು ಕರೆಂಟು ಎಳೆಯುತ್ತಾ ಒಳಗೊಳಗೇ ಬೇಯುತ್ತದೆ. ಪ್ರಿವೆಂಟರ್ ಇಲ್ಲದ ಅಥವಾ ಕಳಚಿದ ಕಡೆ ಅದನ್ನು ತಡೆಯಬೇಕಾದದ್ದು ಓವರ್‌ಲೋಡ್ ರಿಲೇ. ಆದರೆ ಆ ರಿಲೇಯನ್ನು ಲೈನು ಅದಾಗಲೇ ಕೆಡಿಸಿತ್ತು. ಟ್ರಾನ್ಸ್‌ಫಾರ್ಮರಿನಿಂದ, ಅಂದರೆ ಟಿ.ಸಿ.ಯಿಂದ ದೂರವಿರುವ ಕೊನೆಯ ಬೋರ್‌ವೆಲ್‌ಗೆ ವೋಲ್ಟೇಜು ಇಳಿದೇ ಬರುತ್ತದೆ. ವೋಲ್ಟೇಜು ಇಳಿದಾಗ ಅಷ್ಟೇ ನೀರೆತ್ತಲು ಮೋಟರು ಹೆಚ್ಚು ಕರೆಂಟು ಎಳೆಯುತ್ತದೆ, ರಿಲೇ ನ್ಯಾಯವಾಗಿಯೇ ಬೀಳುತ್ತದೆ. ಇದಕ್ಕೆ ಕೂಡಿಕೊಂಡದ್ದು ಪಾಳಿ. ಕರೆಂಟು ಬಂದ ಕ್ಷಣಕ್ಕೆ, ತಾನಾಗಿಯೇ ಚಾಲೂ ಆಗುವಂತೆ ಆಟೋ ಹಾಕಿದ ಮೋಟರುಗಳೆಲ್ಲ ಒಟ್ಟಿಗೇ ಎದ್ದರೆ, ಒಂದೊಂದೂ ತನ್ನ ಮಾಮೂಲಿನ ಆರು ಪಟ್ಟಿನಷ್ಟು ಕರೆಂಟು ಕೇಳಿ ಲೈನು ಕುಸಿಯುತ್ತದೆ. ದಿನವೂ ಬೀಳುವ ರಿಲೇಯ ಸೆಟ್ಟಿಂಗನ್ನು ರೈತ ಮೊದಲು ಏರಿಸಿದ, ಆಮೇಲೆ ಕೊನೆಗೇ ತಿರುಗಿಸಿಟ್ಟ, ಅದಕ್ಕೂ ಬಗ್ಗದಿದ್ದಾಗ ರಿಲೇಯನ್ನೇ ತಪ್ಪಿಸಿ ಡೈರೆಕ್ಟ್ ಮಾಡಿಸಿದ. ಒಂದೊಂದು ಹೆಜ್ಜೆಗೂ ಅಂದಿನ ನೀರು ಎಂಬ ಕಾರಣವಿತ್ತು. ಮೂರನೆಯ ಫೇಸು ನಿಜವಾಗಿ ಹೋದ ರಾತ್ರಿ ಕಾವಲಿಗೆ ಯಾರೂ ಉಳಿದಿರಲಿಲ್ಲ.

ಈ ಕಷ್ಟದ ನಡುವೆ ಒಂದು ಕಸುಬು ಬೆಳೆಯಿತು, ಅದರ ಜಾಣ್ಮೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಕಸುಬು ಬಲ್ಲ ಮೆಕ್ಯಾನಿಕ್ ನಿಯಾನ್ ಟೆಸ್ಟರನ್ನು ನಂಬುವುದಿಲ್ಲ. ಸತ್ತ ಫೇಸಿಗೂ ಪಕ್ಕದ ಹೊಲಗಳಲ್ಲಿ ಓಡುತ್ತಿರುವ ಮೋಟರುಗಳ ವೈಂಡಿಂಗ್ ಮೂಲಕ ಕರೆಂಟು ಹಿಂದಕ್ಕೆ ಬಂದು ಟೆಸ್ಟರ್ ಮೂರರಲ್ಲೂ ಮಿನುಗಬಹುದು. ಅವನು ಎರಡು ಬಲ್ಬುಗಳನ್ನು ಸೀರೀಸಿನಲ್ಲಿ ಕಟ್ಟಿ ಎರಡೆರಡು ಫೇಸಿನ ನಡುವೆ ಹಿಡಿದು ನೋಡುತ್ತಾನೆ. ಎರಡೇಕೆಂದರೆ ಒಂದೇ ಬಲ್ಬು 415 ವೋಲ್ಟಿಗೆ ಸುಟ್ಟುಹೋಗುತ್ತದೆ. ಒಂದು ಜೋಡಿ ಫೇಸಿನಲ್ಲಿ ಬೆಳಕು ಪೂರ್ತಿ ಸತ್ತು ಮಿಕ್ಕ ಎರಡರಲ್ಲಿ ಮಂಕಾದರೆ, ದೋಷ ಪೆಟ್ಟಿಗೆಯಲ್ಲಿಲ್ಲ, ಟಿ.ಸಿ.ಯ ಹೈಟೆನ್ಷನ್ (ಎಚ್.ಟಿ.) ಕಡೆಯ ಫ್ಯೂಸು ಹೋಗಿರಬೇಕು ಎಂದು ನಿಂತಲ್ಲೇ ಹೇಳಬಲ್ಲ. ಕಾಂಟ್ಯಾಕ್ಟು ಗುಂಯ್‌ಗುಟ್ಟಿದರೆ ವೋಲ್ಟೇಜು ಸಾಲದು, ಇಲ್ಲವೇ ಕಾಯಿಲ್‌ನ ಕಬ್ಬಿಣದ ಮುಖದಲ್ಲಿ ಧೂಳು ಕೂತಿದೆ. ಹೊರಗಿನಿಂದ ಒಳಕ್ಕೆ, ಸರಬರಾಜಿನಿಂದ ಯಂತ್ರಕ್ಕೆ ಎಂಬ ಈ ಕ್ರಮವೇ ದೋಷ ಹುಡುಕುವ ಶಾಸ್ತ್ರ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಪುಕ್ಕಟೆ ಕರೆಂಟಿನದು. 2008ರಿಂದ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ, ಆದ್ದರಿಂದಲೇ ಈ ಬೇಜವಾಬ್ದಾರಿ ಎನ್ನುತ್ತಾರೆ. ನೀರಿನ ಪೋಲಿನ ಬಗ್ಗೆ ಆ ಮಾತನ್ನು ಒಪ್ಪಬಹುದು, ಅಂತರ್ಜಲ ಕುಸಿದದ್ದರಲ್ಲಿ ಅದರ ಪಾಲಿದೆ. ಸ್ಟಾರ್ಟರಿನ ಬಗ್ಗೆ ಒಪ್ಪಲಾಗದು. ಉಚಿತವಾದದ್ದು ಯೂನಿಟ್ಟು, ರೀವೈಂಡಿಂಗ್ ಅಲ್ಲ. ನೂರಾರು ಅಡಿಯಿಂದ ಪೈಪು ಸಮೇತ ಮೋಟರ್ ಎತ್ತಿಸುವ ಕೂಲಿ, ತಾಮ್ರದ ಬೆಲೆ, ಮತ್ತೆ ಇಳಿಸುವ ಖರ್ಚು ಎಲ್ಲವೂ ರೈತನ ಜೇಬಿನದೇ. ತನ್ನ ಹಣದಿಂದಲೇ ದಂಡ ಕಟ್ಟುವವನು ಮೋಟರ್ ಸುಟ್ಟರೂ ಸರಿ ಎನ್ನುವುದಿಲ್ಲ. ಮೆಕ್ಯಾನಿಕ್ಕುಗಳೇ ಲಾಭಕ್ಕಾಗಿ ಡೈರೆಕ್ಟ್ ಮಾಡಿಕೊಡುತ್ತಾರೆ ಎಂಬ ಇನ್ನೊಂದು ಮಾತೂ ಇದೆ. ಅಂಥವರು ಇರಬಹುದು. ಆದರೆ ಪ್ರಿವೆಂಟರ್ ಕಳಚು ಎಂದು ಕೇಳುವವನು ರೈತ, ಅವನಿಂದ ಹಾಗೆ ಕೇಳಿಸುವುದು ಪಾಳಿಯ ಗಡಿಯಾರ. ಡೈರೆಕ್ಟ್ ಮಾಡುವುದನ್ನು ನಾನು ಸಮರ್ಥಿಸುತ್ತಿಲ್ಲ. ಕಾವಲಿಲ್ಲದ ಪೆಟ್ಟಿಗೆ ಒದ್ದೆ ಕೈಗೆ ಪ್ರಾಣಾಂತಿಕ. ಅದನ್ನು ಯಾರ ತಪ್ಪಿನ ಖಾತೆಗೆ ಬರೆಯುತ್ತೇವೆ ಎಂಬುದಷ್ಟೇ ಇಲ್ಲಿಯ ತಕರಾರು.

ಆ ಖಾತೆಗೆ ಸಾಕ್ಷ್ಯ ಸುಟ್ಟ ಮೋಟರಿನಲ್ಲೇ ಇದೆ. ಬರೀ ಹೊರೆ ಹೆಚ್ಚಾಗಿ ಸುಟ್ಟಿದ್ದರೆ ಮೂರೂ ಫೇಸಿನ ಸುರುಳಿಗಳು ಒಂದೇ ಸಮ ಕಪ್ಪಾಗಿರುತ್ತವೆ. ಫೇಸು ಹೋಗಿ ಸುಟ್ಟಿದ್ದರೆ ಸ್ಟಾರ್ ಕಟ್ಟಿದ ಮೋಟರಿನಲ್ಲಿ ಎರಡು ಫೇಸಿನವು ಕಪ್ಪಾಗಿ ಒಂದು ಹೊಸದರಂತೆ ಉಳಿಯುತ್ತದೆ, ಡೆಲ್ಟಾ ಕಟ್ಟಿದ್ದರಲ್ಲಿ ಒಂದು ಕಪ್ಪಾಗಿ ಎರಡು ಉಳಿಯುತ್ತವೆ. ರೀವೈಂಡಿಂಗ್ ಮಾಡುವವನ ಕಣ್ಣಿಗೆ ಇದು ಓದು ಬಂದವನಿಗೆ ಅಕ್ಷರ ಕಂಡಷ್ಟೇ ಸಲೀಸು. 1957ರಲ್ಲಿ ಹುಟ್ಟಿದ ವಿದ್ಯುತ್ ಮಂಡಳಿಯ ಕಾಲದಲ್ಲಾಗಲಿ, 2002ರಲ್ಲಿ ಬಂದ ಬೆಸ್ಕಾಂ ಕಾಲದಲ್ಲಾಗಲಿ, ಯಾವ ಟಿ.ಸಿ.ಯ ಕೆಳಗಿನ ಎಷ್ಟು ಮೋಟರುಗಳು ಹೀಗೆ ಎರಡು ಫೇಸಿನಲ್ಲಿ ಸುಟ್ಟವು ಎಂದು ಅಂಗಡಿಯಿಂದ ಅಂಗಡಿಗೆ ಹೋಗಿ ಬರೆದಿಟ್ಟಿದ್ದರೆ, ಲೈನಿನ ಯಾವ ತುಂಡು ಕೆಟ್ಟಿದೆ ಎಂಬುದಕ್ಕೆ ಅದೇ ನಕ್ಷೆಯಾಗುತ್ತಿತ್ತು. ಅಂಗಡಿಯಲ್ಲಿ ಆ ಸುರುಳಿಗಳನ್ನು ಉಳಿ ಹಾಕಿ ಕತ್ತರಿಸಿ, ಎಳೆದು ತೆಗೆದು, ಕಪ್ಪಾದದ್ದನ್ನೂ ಕಪ್ಪಾಗದ್ದನ್ನೂ ಒಟ್ಟಿಗೇ ಗೋಣಿಚೀಲಕ್ಕೆ ತುಂಬಿ ಗುಜರಿಯವನ ತಕ್ಕಡಿಗೆ ಹಾಕುತ್ತಾರೆ.