ತಪಾಸಣೆ: ನೋಡುವುದು, ನೋಡಿಕೊಳ್ಳುವುದು

ಮುಂಬಯಿಯ ಅಂಧೇರಿ ಪಶ್ಚಿಮದಲ್ಲಿ ನಮ್ಮ ಕರಾವಳಿಯವರ ಸಣ್ಣ ಸಂಘವೊಂದು ವರ್ಷಕ್ಕೊಮ್ಮೆ ‘ಉಚಿತ ಆರೋಗ್ಯ ತಪಾಸಣಾ ಶಿಬಿರ’ ನಡೆಸುತ್ತದೆ. ಕರಪತ್ರದ ಕನ್ನಡ ತಿದ್ದಿಕೊಡುವುದು ನನ್ನ ಪಾಲಿನ ಕೆಲಸ. ಹೋದ ವರ್ಷ ಹೆಸರು ಬರೆಯುವ ಮೇಜಿನಲ್ಲೂ ಕೂತಿದ್ದೆ. ಹೊಟೇಲಿನ ಒಲೆಯ ಮುಂದೆ ಮೂವತ್ತು ವರ್ಷ ದೋಸೆ ಹುಯ್ದ ಕುಂದಾಪುರದ ಕಡೆಯವರೊಬ್ಬರು ಎಲ್ಲ ಸಾಲು ಮುಗಿಸಿಕೊಂಡು ಬಂದು ಚೀಟಿಯನ್ನು ನನ್ನ ಮುಂದಿಟ್ಟರು. “ಮಾಷ್ಟ್ರೇ, ತಪಾಸಣೆ ಆಯ್ತ್. ಇನ್ನ್ ಎಂತ ಮಾಡುದ್?”

ಚೀಟಿಯಲ್ಲಿ ಸಕ್ಕರೆ 240 ಎಂದಿತ್ತು. ಕೆಳಗೆ ‘ವೈದ್ಯರನ್ನು ಕಾಣಿ’ ಎಂಬ ರಬ್ಬರ್ ಮುದ್ರೆ. ಯಾವ ವೈದ್ಯರು, ಎಲ್ಲಿ, ಯಾವ ದಿನ ಎಂಬುದೇನೂ ಅದರಲ್ಲಿರಲಿಲ್ಲ. ನನ್ನ ಬಳಿಯೂ ಉತ್ತರವಿರಲಿಲ್ಲ. ಆ ರಾತ್ರಿಯಿಂದ ಈ ‘ತಪಾಸಣೆ’ ಎಂಬ ಶಬ್ದದ ಬೆನ್ನು ಹತ್ತಿದ್ದೇನೆ.

ಕಿವಿಗೆ ಇದು ಸಂಸ್ಕೃತದಂತೆ ಕೇಳುತ್ತದೆ. ‘ತಪ’ ಎಂಬ ಮೊದಲ ಸದ್ದು ತಪಸ್ಸನ್ನು ನೆನಪಿಸುತ್ತದೆ. ನಾವೂ ಅದಕ್ಕೆ ಸಂಸ್ಕೃತದ ಉಪಚಾರವನ್ನೇ ಮಾಡಿದ್ದೇವೆ: ಗಣನಾ, ಪರೀಕ್ಷಾ ಎನ್ನುವಂತೆ ‘ತಪಾಸಣಾ’ ಎಂದು ದೀರ್ಘ ಕೊಟ್ಟು ‘ಶಿಬಿರ’ಕ್ಕೆ ಜೋಡಿಸಿದ್ದೇವೆ. ಆದರೆ ಶಬ್ದ ಬಂದದ್ದು ಮರಾಠಿಯ ‘ತಪಾಸ್’, ‘ತಪಾಸಣೀ’ಗಳಿಂದ. ಅದರ ಬೇರು ಅರಬ್ಬಿಯ ‘ತಫಹ್ಹುಸ್’, ಅಂದರೆ ಕೆದಕಿ ಹುಡುಕುವುದು, ಎಂಬುದು ನನಗೆ ಒಪ್ಪಿಗೆಯಾಗುವ ವ್ಯುತ್ಪತ್ತಿ. ಅದೇ ಧಾತುವಿನ ‘ಫಹ್ಸ್’ ಇಂದಿಗೂ ಅರಬ್ ನಾಡಿನ ಆಸ್ಪತ್ರೆಗಳಲ್ಲಿ ವೈದ್ಯಕೀಯ ಪರೀಕ್ಷೆಯ ಹೆಸರು. ದುಬೈಗೆ ದುಡಿಯಲು ಹೋದ ನಮ್ಮ ಊರಿನ ಹುಡುಗರು ವೀಸಾಕ್ಕಾಗಿ ರಕ್ತ ಕೊಟ್ಟು ಬರುವಾಗ ತಮ್ಮದೇ ಶಬ್ದದ ಅಜ್ಜನ ಮನೆಗೆ ಹೋಗಿ ಬಂದಿರುತ್ತಾರೆ.

ಕನ್ನಡಕ್ಕೆ ಇದು ಕಚೇರಿಯ ದಾರಿಯಲ್ಲಿ ಬಂತು. ವಿಜಾಪುರ, ಬೆಳಗಾವಿ, ಧಾರವಾಡಗಳು ಆದಿಲಶಾಹಿಯ, ಆಮೇಲೆ ಮರಾಠರ ದಫ್ತರಗಳನ್ನು ಕಂಡವು. ಬ್ರಿಟಿಷರ ಕಾಲದಿಂದ 1956ರವರೆಗೆ ಆ ಜಿಲ್ಲೆಗಳಿಗೆ ರಾಜಧಾನಿಯೇ ಮುಂಬಯಿ. ವಸೂಲಿ, ದರ್ಖಾಸ್ತು, ಜಮಾಬಂದಿಗಳು ಬಂದ ಗಾಡಿಯಲ್ಲೇ ತಪಾಸಣೆಯೂ ಬಂತು. ಮರಾಠಿಯಲ್ಲಿ ಇಂದಿಗೂ ಪೊಲೀಸರು ಮಾಡುವುದು ‘ತಪಾಸ್’. ಮೇಷ್ಟ್ರು ವಹಿ ತಿದ್ದುವುದೂ ‘ತಪಾಸಣೆ’ಯೇ. ಅಂಧೇರಿ ಸ್ಟೇಷನ್ನಿನ ಸೇತುವೆ ಇಳಿಯುವಲ್ಲಿ ಕೈಯಡ್ಡ ಹಿಡಿದು ನಿಲ್ಲುವ ಟಿಕೆಟ್ ಕಲೆಕ್ಟರರಿಗೆ ಮರಾಠಿ ಹೆಸರು ‘ತಿಕೀಟ್ ತಪಾಸನೀಸ್’. ಕೊನೆಯ ‘ನೀಸ್’ ಪಾರಸಿಯ ‘ನವೀಸ್’, ಎಂದರೆ ಬರೆಯುವವನು. ಚಿಟ್ನೀಸ, ಫಡ್ನೀಸರಲ್ಲಿ ಇರುವುದೂ ಅದೇ. ತಪಾಸನೀಸ್ ನೋಡುತ್ತಾನೆ, ಬರೆದುಕೊಳ್ಳುತ್ತಾನೆ. ಅಲ್ಲಿಗೆ ಅವನ ಕೆಲಸ ಮುಗಿಯಿತು. ನಮ್ಮ ಶಿಬಿರದ ಮೇಜಿನಲ್ಲಿ ನಾನು ಮಾಡಿದ್ದೂ ಅಷ್ಟೇ ಅಲ್ಲವೇ?

ಮುಂಬಯಿಯ ಮೈಗೆ ಸರ್ಕಾರಿ ತಪಾಸಣೆ ತಾಗಿದ್ದು ಪ್ಲೇಗಿನಲ್ಲಿ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೇಗಸ್ ಪಿಡುಗನ್ನು ಗುರುತಿಸಿದರು. ಮರುವರ್ಷದ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ರೈಲಿನಿಂದ ಇಳಿಸಿ ಪ್ರಯಾಣಿಕರ ಮೈ ಮುಟ್ಟಿ ನೋಡಿದರು, ಮನೆ ಹೊಕ್ಕು ರೋಗಿಗಳನ್ನು ಹುಡುಕಿದರು. ಪುಣೆಯಲ್ಲಿ ಇದು ಹುಟ್ಟಿಸಿದ ಕೋಪ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್ಯಾಂಡ್‌ನ ಮೇಲೆ ಗುಂಡು ಹಾರುವವರೆಗೆ ಹೋಯಿತು. ಹುಡುಕಿದ ಕಾರಣ ಸುಳ್ಳಾಗಿರಲಿಲ್ಲ. ಆದರೆ ಸಿಕ್ಕಿಬಿದ್ದವನನ್ನು ಮನೆಯವರಿಂದ ಬೇರ್ಪಡಿಸಿ ಒಯ್ಯುತ್ತಿದ್ದರು, ಮತ್ತು ಹುಡುಕುವವರ ಕೈಯಲ್ಲಿ ಮದ್ದು ಎಂಬುದೇ ಇರಲಿಲ್ಲ. ಜನ ಅಡಗಿಸಿಟ್ಟರು, ಊರು ಬಿಟ್ಟರು.

ಇಂಗ್ಲಿಷಿನವರು ಇಂಥ ತಪಾಸಣೆಗೆ ‘ಸ್ಕ್ರೀನಿಂಗ್’ ಎನ್ನುತ್ತಾರೆ. 2020ರ ಜನವರಿಯಲ್ಲಿ ಇಲ್ಲಿನ ಸಹಾರ್ ವಿಮಾನ ನಿಲ್ದಾಣದಲ್ಲಿ ಕೊರೊನಾ ಭಯದಿಂದ ಚೀನಾದಿಂದ ಬಂದವರ ಮೈಬಿಸಿ ನೋಡತೊಡಗಿದ ಮೇಲೆ ಆ ಮಾತು ಅಂಧೇರಿಯ ಹಾಲಿನಂಗಡಿಯವರ ಬಾಯಲ್ಲೂ ಬಂತು. ಸ್ಕ್ರೀನ್ ಅಂದರೆ ಪರದೆ ಮಾತ್ರವಲ್ಲ, ಜರಡಿಯೂ ಹೌದು. ಇಲ್ಲಿ ದಿನಕ್ಕೊಂದು ಕಟ್ಟಡ ಏಳುವ ಗಲ್ಲಿಗಳಲ್ಲಿ ಮರಳು ಎರಚಲು ಓರೆಯಾಗಿ ನಿಲ್ಲಿಸುವ ತಂತಿಬಲೆ ಇದೆಯಲ್ಲ, ಅದು. ಮರಾಠಿಯಲ್ಲಿ ಜರಡಿ ‘ಚಾಳಣೀ’. ನೌಕರಿಯ ಮೊದಲ ಸುತ್ತಿನ ಪರೀಕ್ಷೆಗೆ ‘ಚಾಳಣೀ ಪರೀಕ್ಷಾ’ ಎನ್ನುತ್ತಾರೆ. ಕನ್ನಡದಲ್ಲಿ ಜರಡಿಯೂ ಇದೆ, ಶೋಧಿಸುವುದೂ ಇದೆ. ಹುಡುಕುವುದಕ್ಕೂ ಬಟ್ಟೆಯಲ್ಲಿ ಸೋಸುವುದಕ್ಕೂ ‘ಶೋಧಿಸು’ ಎನ್ನುವ ಭಾಷೆ ನಮ್ಮದು. ಆದರೂ ಸರ್ಕಾರ ಆರಿಸಿಕೊಂಡದ್ದು ತಪಾಸಣೆಯನ್ನು. ಇದರಿಂದ ಒಂದು ದೊಡ್ಡ ತಪ್ಪು ತಿಳಿವಳಿಕೆ ಹುಟ್ಟಿತು ಎಂಬುದು ನನ್ನ ದೂರು. ತಪಾಸಣೆ ಆಯಿತು ಎಂದರೆ ತೀರ್ಪು ಬಂತು ಎಂದು ಕೇಳುತ್ತದೆ. ಜರಡಿ ತೀರ್ಪು ಹೇಳುವುದಿಲ್ಲ. ಮತ್ತೊಮ್ಮೆ ಕೈಯಾಡಿಸಿ ನೋಡಬೇಕಾದ್ದನ್ನು ಬೇರೆ ಮಾಡಿಕೊಡುತ್ತದೆ, ಅಷ್ಟೆ.

ಲೆಕ್ಕ ಹಾಕಿ. ಸಾವಿರ ಮಂದಿಯಲ್ಲಿ 10 ಜನಕ್ಕೆ ರೋಗವಿದೆ ಎನ್ನೋಣ. ಪರೀಕ್ಷೆ ಹತ್ತರಲ್ಲಿ ಎಂಟನ್ನು ಹಿಡಿಯುತ್ತದೆ, ರೋಗವಿಲ್ಲದ ನೂರರಲ್ಲಿ ಹತ್ತನ್ನು ತಪ್ಪಾಗಿ ಹಿಡಿಯುತ್ತದೆ. ಆಗ ಜರಡಿಯ ಮೇಲೆ ಉಳಿಯುವವರು 107 ಜನ. ಅವರಲ್ಲಿ ನಿಜವಾದ ರೋಗಿಗಳು ಎಂಟೇ ಮಂದಿ. ಉಳಿದ 99 ಜನ ಎರಡನೆಯ ಪರೀಕ್ಷೆಯವರೆಗೆ ನಿದ್ದೆಗೆಡುತ್ತಾರೆ. ಇಬ್ಬರು ರೋಗಿಗಳು ‘ಏನೂ ಇಲ್ಲ’ ಎಂಬ ಚೀಟಿ ಹಿಡಿದು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಆರೋಗ್ಯವಂತರ ಮನೆಬಾಗಿಲಿಗೆ ತಾನೇ ಹೋಗಿ ಬಾಗಿಲು ತಟ್ಟುವ ಕೆಲಸ ಇದು. ಆದ್ದರಿಂದಲೇ ಇದಕ್ಕೆ ಕಟ್ಟುಪಾಡು ಬೇಕು.

ಆ ಕಟ್ಟುಪಾಡನ್ನು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬ್ರಿಟನ್ನಿನ ವಿಲ್ಸನ್, ಸ್ವೀಡನ್ನಿನ ಯುಂಗ್ನರ್ ಎಂಬಿಬ್ಬರು ಹತ್ತು ಸೂತ್ರಗಳಲ್ಲಿ ಬರೆದರು. ರೋಗಕ್ಕೆ ಒಪ್ಪಿತ ಚಿಕಿತ್ಸೆ ಇರಬೇಕು. ರೋಗ ಖಚಿತಪಡಿಸಲು, ಚಿಕಿತ್ಸೆ ಕೊಡಲು ವ್ಯವಸ್ಥೆ ಇರಬೇಕು. ಯಾರಿಗೆ ಚಿಕಿತ್ಸೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಹತ್ತನೆಯದು ನನಗೆ ಮುಖ್ಯ: ಒಮ್ಮೆ ಮಾಡಿ ಕೈತೊಳೆದುಕೊಳ್ಳುವುದಲ್ಲ, ನಿರಂತರ ನಡೆಯಬೇಕು. ಕಟ್ಟುಪಾಡು ಸಡಿಲವಾದರೆ ಏನಾಗುತ್ತದೆಂದು ದಕ್ಷಿಣ ಕೊರಿಯಾ ತೋರಿಸಿತು. ಅಲ್ಲಿ ಬೇರೆ ಕ್ಯಾನ್ಸರುಗಳ ತಪಾಸಣೆಯ ಜತೆಗೆ ಥೈರಾಯ್ಡ್ ಸ್ಕ್ಯಾನನ್ನೂ ಮಾಡುವ ರೂಢಿ ಬೆಳೆದು, 2011ರ ಹೊತ್ತಿಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್ 1993ರ 15 ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು.

ನಮ್ಮ ಮುಂಬಯಿಯದೇ ಕತೆ ಇನ್ನೂ ದೊಡ್ಡದು. 1998ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ನಗರದ ಝೋಪಡಪಟ್ಟಿಗಳ 20 ಗುಚ್ಛಗಳನ್ನು ಆರಿಸಿ, 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಅಧ್ಯಯನಕ್ಕೆ ಸೇರಿಸಿಕೊಂಡಿತು. ಅರ್ಧದಷ್ಟು ಜನಕ್ಕೆ ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು, ಗರ್ಭಕೊರಳು ಮತ್ತು ಸ್ತನಗಳ ಪರೀಕ್ಷೆ. ಮಾಡಿದವರು ಡಾಕ್ಟರರಲ್ಲ, ಕೆಲವೇ ವಾರಗಳ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಗರ್ಭಕೊರಳಿಗೆ ವಿನೆಗರಿನಂಥದೇ ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು, ಬಿಳಿ ಮಚ್ಚೆ ಏಳುತ್ತದೆಯೇ ಎಂದು ನೋಡುವುದು. 2013ರಲ್ಲಿ ಅಧ್ಯಯನ ನಡೆಸಿದ ಡಾ. ಸುರೇಂದ್ರ ಶಾಸ್ತ್ರಿ ಅಮೆರಿಕದಲ್ಲಿ ಫಲಿತಾಂಶ ಮಂಡಿಸಿದರು: ಗರ್ಭಕೊರಳ ಕ್ಯಾನ್ಸರಿನಿಂದಾಗುವ ಸಾವು ಶೇ. 31ರಷ್ಟು ಇಳಿದಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಅಂಕಿ. ಪರೀಕ್ಷೆಗೆ ಬಂದವರು ಶೇ. 89. ಅನುಮಾನ ಕಂಡಾಗ ಖಚಿತಪಡಿಸಿಕೊಳ್ಳಲು ಮುಂದಿನ ಹೆಜ್ಜೆ ಇಟ್ಟವರು ಶೇ. 79.4. ಇಷ್ಟು ಜತನದ ಕೆಲಸದಲ್ಲೂ ಐವರಲ್ಲಿ ಒಬ್ಬಳು ಆ ಹೊಸ್ತಿಲು ದಾಟಲಿಲ್ಲ. ಮನೆ, ಮಕ್ಕಳು, ಒಂದು ದಿನದ ಕೂಲಿ, ಆಸ್ಪತ್ರೆಯಿರುವ ಪರೇಲಿನವರೆಗಿನ ಲೋಕಲ್ ರೈಲು, ಹೆದರಿಕೆ.

ಈ ಅಧ್ಯಯನದ ಮೇಲೆ ಕಟು ಪ್ರಶ್ನೆಯೂ ಬಂತು, ಬರಬೇಕಾದದ್ದೇ. ಉಳಿದರ್ಧ ಹೆಂಗಸರಿಗೆ ಸಿಕ್ಕಿದ್ದು ಕ್ಯಾನ್ಸರಿನ ತಿಳಿವಳಿಕೆ ಮಾತ್ರ. ಬೇರೆ ನಾಡುಗಳಲ್ಲಿ ಗರ್ಭಕೊರಳ ಪ್ಯಾಪ್ ಪರೀಕ್ಷೆ ಜೀವ ಉಳಿಸುತ್ತದೆಂದು ಗೊತ್ತಿದ್ದೂ ಹೀಗೆ ಬಿಡಬಹುದೇ ಎಂದು ಟೀಕಾಕಾರರು ಕೇಳಿದರು. ಇಲ್ಲಿನ ಬಡ ಹೆಂಗಸಿಗೆ ಆಗ ಯಾವ ಪರೀಕ್ಷೆಯೂ ಸಿಗುತ್ತಿರಲಿಲ್ಲ, ಅದನ್ನೇನೂ ನಾವು ಕಿತ್ತುಕೊಂಡಿಲ್ಲ ಎಂಬುದು ನಡೆಸಿದವರ ಉತ್ತರ. ಆ ಉತ್ತರ ನನಗೆ ಸಾಲದು. ಆದರೆ ಆ ಕಾರ್ಯಕರ್ತೆಯರು ಗಲ್ಲಿಗಲ್ಲಿ ತಿರುಗಿ ತಂದ ಅರಿವು ಇಲ್ಲದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ ಎಂದೂ ನನಗನಿಸುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳ ಕ್ಯಾನ್ಸರುಗಳ ತಪಾಸಣೆಯ ಚೌಕಟ್ಟು ತಂದಿತು. ವಿನೆಗರ್ ವಿಧಾನವೂ ಅದರಲ್ಲಿ ಸೇರಿತು. ಆಶಾ ಕಾರ್ಯಕರ್ತೆ ಮನೆಗೆ ಬಂದು ತಂಬಾಕು, ಸೊಂಟದ ಸುತ್ತಳತೆ, ಮನೆಯವರ ರೋಗಗಳನ್ನು ಕೇಳಿ ಅಂಕ ಹಾಕುತ್ತಾಳೆ. ಅಂಕ 4 ದಾಟಿದವರನ್ನು ಮೊದಲು ಕರೆಯಬೇಕು. ಆಮೇಲೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019-21) ಎಂದಾದರೂ ಒಮ್ಮೆ ಗರ್ಭಕೊರಳ ಪರೀಕ್ಷೆ ಮಾಡಿಸಿಕೊಂಡ 30ರಿಂದ 49ರ ಹೆಂಗಸರು ಶೇ. 1.9.

ತಪಾಸಣೆಗೆ ಹಳಗನ್ನಡದಲ್ಲಿ ಏನೆನ್ನುತ್ತಿದ್ದರು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ‘ಆರಯ್’. ಗಮನವಿಟ್ಟು ನೋಡು, ವಿಚಾರಿಸು, ಪರೀಕ್ಷಿಸು ಎಂದರ್ಥ. ತಮಿಳಿನಲ್ಲಿ ಇದೇ ‘ಆರಾಯ್’. ಸಂಶೋಧನೆಗೆ ಅವರು ‘ಆರಾಯ್ಚ್ಚಿ’ ಎನ್ನುತ್ತಾರೆ. ಮಲಯಾಳಿಗಳಿಗೆ ‘ಆರಾಯುಕ’ ಎಂದರೆ ಕೇಳಿ ತಿಳಿಯುವುದು. ಕನ್ನಡದಲ್ಲಿ ಶಬ್ದ ಇನ್ನೊಂದು ಹೆಜ್ಜೆ ಮುಂದೆ ನಡೆಯಿತು. ನೋಡಿ ತಿಳಿದವನು ಸುಮ್ಮನಿರಲಾರ ಎಂಬಂತೆ ‘ಆರಯ್’ ಸಲಹುವುದಕ್ಕೂ ಹೆಸರಾಯಿತು, ಅದರಿಂದ ‘ಆರೈಕೆ’ ಬಂತು. ಬಾಣಂತಿಗೆ, ಜ್ವರ ಬಂದ ಮಗುವಿಗೆ, ಹಾಸಿಗೆ ಹಿಡಿದ ಅಪ್ಪನಿಗೆ ನಾವು ಮಾಡುವುದು ಆರೈಕೆ. ‘ನೋಡು’ವಿನ ಪಕ್ಕದಲ್ಲಿ ‘ನೋಡಿಕೊಳ್ಳು’ ನಿಂತಿರುವುದೂ ಹೀಗೆಯೇ. ಊರಲ್ಲಿ “ಅಮ್ಮನನ್ನು ಯಾರು ನೋಡ್ತಾರೆ?” ಎಂದು ಕೇಳಿದರೆ ಯಾರೂ ಕಣ್ಣಿನ ಮಾತೆಂದು ತಿಳಿಯುವುದಿಲ್ಲ. ವಿಲ್ಸನ್, ಯುಂಗ್ನರರು ಸೂತ್ರ ಬರೆದು ಕಟ್ಟಿಹಾಕಬೇಕಾಗಿ ಬಂದ ಎರಡು ಕೆಲಸಗಳು ನಮ್ಮ ಒಂದೇ ಕ್ರಿಯಾಪದದೊಳಗೆ ಬಹು ಹಿಂದಿನಿಂದಲೇ ಜತೆಗಿದ್ದವು.

ಈ ವರ್ಷದ ಕರಪತ್ರದ ಕರಡು ಮೊನ್ನೆ ನನ್ನ ಕೈಗೆ ಬಂತು. ‘ತಪಾಸಣಾ ಶಿಬಿರ’ವನ್ನು ತಿದ್ದಲಿಲ್ಲ, ಜನ ಆ ಹೆಸರು ನೋಡಿಯೇ ಬರುತ್ತಾರೆ. ಕೆಳಗೆ ಒಂದು ಸಾಲು ಸೇರಿಸಿದೆ: ‘ಚೀಟಿಯಲ್ಲಿ ಗುರುತು ಹಾಕಿಸಿಕೊಂಡವರು ಮುಂದಿನ ಭಾನುವಾರ ಬೆಳಿಗ್ಗೆ ಇದೇ ಜಾಗಕ್ಕೆ ಬರಬೇಕು, ಆಸ್ಪತ್ರೆಗೆ ಜತೆಯಲ್ಲಿ ಬರುವವರು:’. ಅಷ್ಟು ಬರೆದು ಹೆಸರಿಗೆ, ಫೋನ್ ನಂಬರಿಗೆ ಜಾಗ ಬಿಟ್ಟೆ. ಕಾರ್ಯದರ್ಶಿಗಳು ನಿನ್ನೆ ಫೋನ್ ಮಾಡಿ, ಆ ಜಾಗಕ್ಕೆ ಯಾರ ಹೆಸರು ಹಾಕುವುದು ಎಂದು ಕೇಳಿದರು. ಒಂದು ನನ್ನದು ಬರೆಯಿರಿ, ಇನ್ನೂ ಇಬ್ಬರು ಬೇಕು ಎಂದೆ. ಅಚ್ಚಿಗೆ ಕೊಡಲು ಬುಧವಾರದವರೆಗೆ ಸಮಯವಿದೆ.