ಟೋಕಿಯೊ ಫೈನಲ್ಲಿನ ಗೋಲ್‌ಕೀಪರ್

ಆಟದ ಪೀರಿಯಡ್ ಶುರುವಾದರೆ ನಮ್ಮ ಮಕ್ಕಳು ಮೊದಲು ಮಾಡುವ ಕೆಲಸ, ಓಡಲಾರದ ಹುಡುಗನೊಬ್ಬನನ್ನು ಹಿಡಿದು ತಂದು ಗೋಲಿನಲ್ಲಿ ನಿಲ್ಲಿಸುವುದು. ಮುಖ ಸಣ್ಣದು ಮಾಡಿಕೊಂಡು ನಿಂತ ಆ ಹುಡುಗನಿಗೆ ನಾನು ಶಂಕರ್ ಲಕ್ಷ್ಮಣ್ ಅವರ ಕಥೆ ಹೇಳುತ್ತೇನೆ.

ಲಕ್ಷ್ಮಣ್ ಹುಟ್ಟಿದ್ದು 1933ರಲ್ಲಿ, ಈಗಿನ ಮಧ್ಯಪ್ರದೇಶದ ಮಹೂ ಎಂಬ ದಂಡಿನ ಊರಿನಲ್ಲಿ. ಚಿಕ್ಕ ವಯಸ್ಸಿನಲ್ಲೇ ಸೈನ್ಯದ ಬ್ಯಾಂಡಿಗೆ ಸೇರಿದರು. ಅವರು ಸೇವೆಯಲ್ಲಿದ್ದ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ.

1956ರ ಮೆಲ್ಬರ್ನ್ ಒಲಿಂಪಿಕ್ಸ್ ಫೈನಲ್ಲಿನಲ್ಲಿ ಭಾರತ ಪಾಕಿಸ್ತಾನವನ್ನು 1-0ಯಿಂದ ಸೋಲಿಸಿತು. ಆ ಕೂಟದಲ್ಲಿ ಭಾರತದ ಮೇಲೆ ಯಾರೂ ಒಂದು ಗೋಲನ್ನೂ ಹೊಡೆಯಲಿಲ್ಲ. 1960ರಲ್ಲಿ ರೋಮ್‌ನಲ್ಲಿ ಅದೇ ಪಾಕಿಸ್ತಾನ 1-0ಯಿಂದ ಗೆದ್ದಿತು. 1928ರಿಂದ ಸತತವಾಗಿ ಆರು ಸಲ ಬಂದಿದ್ದ ಚಿನ್ನ ಕೈತಪ್ಪಿತು. ಆ ಗೋಲು ಒಳಗೆ ಹೋದಾಗ ಕಾವಲಿಗೆ ನಿಂತಿದ್ದವರು ಲಕ್ಷ್ಮಣ್.

1964ರ ಅಕ್ಟೋಬರ್ 23, ಟೋಕಿಯೊ. ಮತ್ತೆ ಫೈನಲ್, ಮತ್ತೆ ಪಾಕಿಸ್ತಾನ. ದ್ವಿತೀಯಾರ್ಧದಲ್ಲಿ ಪೃಥಿಪಾಲ್ ಸಿಂಗ್ ಪೆನಾಲ್ಟಿ ಕಾರ್ನರ್‌ನಲ್ಲಿ ಹೊಡೆದ ಚೆಂಡು ಎದುರಾಳಿಯ ಕಾಲಿಗೆ ಬಡಿದು ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಮೊಹಿಂದರ್ ಲಾಲ್ ಗೋಲು ಹೊಡೆದರು. ಆಮೇಲೆ ಪಾಕಿಸ್ತಾನ ಒಂದೇ ಸಮನೆ ಮೇಲೆ ಬಿತ್ತು. ಆಡುತ್ತಿದ್ದದ್ದು ಹುಲ್ಲಿನ ಮೈದಾನ, ಚೆಂಡು ಎತ್ತ ಪುಟಿಯುತ್ತದೋ ಹೇಳುವಂತಿಲ್ಲ. ಇಂದಿನ ಗೋಲಿಗಳಿಗಿರುವ ಹೆಲ್ಮೆಟ್, ಎದೆಗವಚ ಆಗ ಇರಲಿಲ್ಲ, ಕಾಲಿಗೆ ಪ್ಯಾಡ್ ಅಷ್ಟೆ. ಲಕ್ಷ್ಮಣ್ ಒಂದು ಚೆಂಡನ್ನೂ ಒಳಗೆ ಬಿಡಲಿಲ್ಲ. 1-0ಯಿಂದ ಚಿನ್ನ ಮರಳಿ ಬಂತು.

ಮೂರು ಒಲಿಂಪಿಕ್ಸ್ ಫೈನಲ್‌ಗಳಲ್ಲಿ ಅವರು ಬಿಟ್ಟುಕೊಟ್ಟದ್ದು ಒಟ್ಟು ಒಂದೇ ಗೋಲು! ಅದೇ ವರ್ಷ ಅರ್ಜುನ ಪ್ರಶಸ್ತಿ ಬಂತು. 1966ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಅವರೇ ನಾಯಕರು, ಅಲ್ಲೂ ಚಿನ್ನ. 1967ರಲ್ಲಿ ಪದ್ಮಶ್ರೀ. ಆದರೆ 1968ರ ಒಲಿಂಪಿಕ್ಸ್ ತಂಡದಲ್ಲಿ ಅವರಿಗೆ ಜಾಗ ಸಿಗಲಿಲ್ಲ. 2006ರಲ್ಲಿ ಮಹೂವಿನಲ್ಲೇ ತೀರಿಕೊಂಡರು. ಕಾಲಿಗೆ ಗ್ಯಾಂಗ್ರೀನ್ ಆಗಿತ್ತು, ಕೈಯಲ್ಲಿ ಹಣವಿರಲಿಲ್ಲ. ಎಷ್ಟೋ ಗೋಲು ತಡೆದ ಕಾಲು ಅದು.

ಟೋಕಿಯೊ ಎಂದರೆ ಎಲ್ಲರೂ ಮೊಹಿಂದರ್ ಲಾಲರ ಗೋಲನ್ನು ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಇನ್ನೊಂದು ಕಡೆ ಒಂದು ಚೆಂಡು ಒಳಗೆ ಹೋಗಿದ್ದರೂ ಲೆಕ್ಕ ಸಮವಾಗುತ್ತಿತ್ತು. ಮುಂದಿನ ಸಲ ಆಡುವಾಗ ನಿಮ್ಮಲ್ಲಿ ಒಳ್ಳೆಯ ಆಟಗಾರ ಯಾರೋ ಅವನನ್ನೇ ಗೋಲಿಗೆ ನಿಲ್ಲಿಸಿ ನೋಡಿ ಮಕ್ಕಳೇ.