ಮನೆಮಂದಿಗೆಲ್ಲ ಒಂದೇ ಕ್ಯಾಲೆಂಡರ್: ಅಂತರ್ಜಾಲದಲ್ಲಿ ಪುಕ್ಕಟೆ

ಅಕ್ಕಲಕೋಟ ತಾಲೂಕಿನ ನಮ್ಮ ಮನೆಯ ಗೋಡೆಗೆ ಮರಾಠಿ ಕಾಲನಿರ್ಣಯ. ಇಂಡಿಗೆ ಕೊಟ್ಟ ಅಕ್ಕನ ಮನೆಯಲ್ಲಿ ಕನ್ನಡ ಕ್ಯಾಲೆಂಡರ್. ಪುಣೆಯಲ್ಲಿರುವ ತಮ್ಮನ ಮನೆಯ ಗೋಡೆಗೆ ಏನೂ ಇಲ್ಲ, ಎಲ್ಲ ಮೊಬೈಲ್‌ನಲ್ಲೇ. ಫೆಬ್ರವರಿ 19ರ ಶಿವಾಜಿ ಜಯಂತಿಗೆ ನಮ್ಮ ಮಕ್ಕಳಿಗೆ ರಜೆ, ಅಕ್ಕನ ಮಕ್ಕಳಿಗಿಲ್ಲ. ನವೆಂಬರ್ 1ರ ರಾಜ್ಯೋತ್ಸವದ ರಜೆ ಅವರಿಗಿದೆ, ನಮಗಿಲ್ಲ. ಹೀಗಾಗಿ ಎಲ್ಲರೂ ಒಂದೆಡೆ ಸೇರುವ ದಿನ ಗೊತ್ತುಮಾಡಲು ಹತ್ತು ಸಲ ಫೋನ್ ಮಾಡಬೇಕು. ಗಡಿಭಾಗದ ಬಹಳಷ್ಟು ಮನೆಗಳ ಕಥೆ ಇದೇ ಅಲ್ಲವೇ?

ಇದಕ್ಕೊಂದು ಸುಲಭ ಉಪಾಯವಿದೆ. ಒಬ್ಬರು ಬರೆದದ್ದು ಮನೆಯವರೆಲ್ಲರ ಮೊಬೈಲ್‌ನಲ್ಲಿ ಕಾಣುವಂತೆ ಮಾಡುವ ಪುಕ್ಕಟೆ ಕ್ಯಾಲೆಂಡರ್‌ಗಳು ಅಂತರ್ಜಾಲದಲ್ಲಿವೆ. 2006ರಲ್ಲಿ ಶುರುವಾದ ಗೂಗಲ್ ಕ್ಯಾಲೆಂಡರ್ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಆಂಡ್ರಾಯ್ಡ್ ಮೊಬೈಲ್ ಇದ್ದವರಿಗೆ ಸಾಮಾನ್ಯವಾಗಿ ಜಿಮೇಲ್ ಖಾತೆ ಇದ್ದೇ ಇರುತ್ತದೆ, ಅಷ್ಟು ಸಾಕು.

ಶುರು ಮಾಡುವುದು ಹೇಗೆ?

ಮೊದಲ ಸಲದ ಕೆಲಸವನ್ನು ಮನೆಯ ಒಬ್ಬರು ಗಣಕದಲ್ಲಿ ಮಾಡಿದರೆ ಅನುಕೂಲ. ಗೂಗಲ್ ಕ್ಯಾಲೆಂಡರ್ ತೆರೆದರೆ ಎಡಗಡೆ 'ಅದರ್ ಕ್ಯಾಲೆಂಡರ್ಸ್' ಎಂದಿರುತ್ತದೆ. ಅದರ ಪಕ್ಕದ ಕೂಡಿಸುವ ಚಿಹ್ನೆಯನ್ನು ಒತ್ತಿ ಹೊಸ ಕ್ಯಾಲೆಂಡರ್ ಮಾಡಿ, 'ನಮ್ಮ ಮನೆ' ಎಂದು ಕನ್ನಡದಲ್ಲೇ ಹೆಸರಿಡಿ. ನಿಮ್ಮ ಸ್ವಂತದ ಕ್ಯಾಲೆಂಡರ್ ಬೇರೆ, ಇದು ಬೇರೆ. ಎರಡನ್ನೂ ಬೆರೆಸಿದರೆ ನಿಮ್ಮ ಸಾಲದ ಕಂತಿನ ದಿನವೂ ಬೀಗರಿಗೆ ಕಂಡೀತು!

ನಂತರ ಆ ಕ್ಯಾಲೆಂಡರ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಹಂಚಿಕೊಳ್ಳುವ ಜಾಗದಲ್ಲಿ ಒಬ್ಬೊಬ್ಬರ ಇ-ಮೇಲ್ ವಿಳಾಸ ಸೇರಿಸಿ. ಅವರಿಗೊಂದು ಪತ್ರ ಹೋಗುತ್ತದೆ. ಅದರಲ್ಲಿರುವ ಕೊಂಡಿಯನ್ನು ಒತ್ತಿದ ಮೇಲೆಯೇ ಕ್ಯಾಲೆಂಡರ್ ಅವರ ಪಟ್ಟಿಗೆ ಸೇರುತ್ತದೆ. ಗೂಗಲ್‌ನ 'ಫ್ಯಾಮಿಲಿ ಗ್ರೂಪ್' ಎಂಬ ಇನ್ನೊಂದು ದಾರಿಯೂ ಇದೆ. ಆದರೆ ಅದರಲ್ಲಿ ಹಿಡಿಸುವುದು ಆರೇ ಮಂದಿ. ಕಾಕಾ, ಅಣ್ಣ, ಅಕ್ಕ ಎಲ್ಲರೂ ಸೇರುವ ಕೂಡು ಕುಟುಂಬಕ್ಕೆ ಮೊದಲ ದಾರಿಯೇ ಸರಿ.

ಯಾರಿಗೆ ಎಷ್ಟು ಅಧಿಕಾರ?

ಹೆಸರು ಸೇರಿಸುವಾಗ ನಾಲ್ಕು ಆಯ್ಕೆಗಳು ಬರುತ್ತವೆ: ಬಿಡುವಿದೆಯೋ ಇಲ್ಲವೋ ಎಂದಷ್ಟೇ ನೋಡುವುದು, ಪೂರ್ತಿ ವಿವರ ನೋಡುವುದು, ತಿದ್ದುವುದು, ತಿದ್ದುವುದರ ಜೊತೆಗೆ ಬೇರೆಯವರನ್ನೂ ಸೇರಿಸುವುದು. ತಿದ್ದುವ ಅಧಿಕಾರ ಮನೆಗೆ ಒಬ್ಬಿಬ್ಬರಿಗೆ ಸಾಕು, ಉಳಿದವರು ನೋಡಿದರಾಯಿತು. ಒಬ್ಬರು ಅಳಿಸಿದ್ದು ಎಲ್ಲರಲ್ಲೂ ಅಳಿಯುತ್ತದೆ. ಹಾಗೆ ಅಳಿಸಿಹೋದದ್ದು ಸಾಮಾನ್ಯವಾಗಿ 30 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಅಷ್ಟರಲ್ಲಿ ವಾಪಸು ತೆಗೆಯಬಹುದು.

'ಸಾರ್ವಜನಿಕ' ಎಂಬ ಗುರುತನ್ನು ಮಾತ್ರ ಹಾಕಬೇಡಿ. ಮನೆಗೆ ಕೀಲಿ ಹಾಕಿ ಎಲ್ಲರೂ ಪಂಢರಪುರಕ್ಕೆ ಹೋಗುವ ದಿನ ಕಂಡವರಿಗೆಲ್ಲ ತಿಳಿಯುವುದು ಬೇಡ.

ತಿಥಿಯ ಹಬ್ಬಕ್ಕೆ 'ಪ್ರತಿ ವರ್ಷ' ಒತ್ತಬೇಡಿ

ನಾನು ಪೆಟ್ಟು ತಿಂದದ್ದು ಇಲ್ಲಿ. 2022ರಲ್ಲಿ ಎಳ್ಳ ಅಮಾವಾಸ್ಯೆ ಡಿಸೆಂಬರ್ 23ಕ್ಕೆ ಬಂದಿತ್ತು. ಅದನ್ನು ಬರೆದು, 'ಪ್ರತಿ ವರ್ಷ ಮರಳಿ ಬರಲಿ' ಎಂದು ಒತ್ತಿ ಸುಮ್ಮನಾದೆ. ಮರುವರ್ಷ ಅದೇ ತಾರೀಖು ನೋಡಿಕೊಂಡು ತಮ್ಮ ಪುಣೆಯಿಂದ ಹೆಂಡತಿ ಮಕ್ಕಳ ಸಮೇತ ಬಂದಿಳಿದ. ಅವ್ವ ಬಾಗಿಲಲ್ಲೇ ನಿಂತು, "ಯಾವ ಎಳ್ಳಮಾಸಿನೋ ತಮ್ಮಾ, ಇನ್ನೂ ಹತ್ತೊಂಬತ್ತು ದಿನ ಅದ" ಎಂದಳು. ನಿಜವಾದ ಹಬ್ಬ 2024ರ ಜನವರಿ 11, ಗುರುವಾರ. ಅವನಿಗೆ ಮತ್ತೆ ರಜೆ ಸಿಗಲಿಲ್ಲ. ಹೊಲದಲ್ಲಿ ಚರಗ ಚೆಲ್ಲುವಾಗ ಅವನೊಬ್ಬನೇ ಇರಲಿಲ್ಲ. ಅವ್ವ ಅವನ ಪಾಲಿನ ಸಜ್ಜಿ ರೊಟ್ಟಿ ಕಟ್ಟಿಟ್ಟಳು.

ತಪ್ಪು ಯಂತ್ರದ್ದಲ್ಲ, ನನ್ನದು. ಅದಕ್ಕೆ ಗೊತ್ತಿರುವುದು ಇಂಗ್ಲಿಷ್ ತಾರೀಖು ಮಾತ್ರ. ಚಾಂದ್ರಮಾನದ ವರ್ಷ ಸುಮಾರು 11 ದಿನ ಚಿಕ್ಕದು. ಅದನ್ನು ಸರಿದೂಗಿಸಲು ಅಧಿಕ ಮಾಸ ಬರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಆ ಇಂಗ್ಲಿಷ್ ವರ್ಷದಲ್ಲಿ ಎಳ್ಳ ಅಮಾವಾಸ್ಯೆ ಬೀಳಲೇ ಇಲ್ಲ. 2024ರಲ್ಲಿ ಎರಡು ಸಲ ಬಂತು, ಜನವರಿ 11 ಮತ್ತು ಡಿಸೆಂಬರ್ 30.

ಆದ್ದರಿಂದ ದಿನಗಳನ್ನು ಎರಡು ಗುಂಪು ಮಾಡಿಕೊಳ್ಳಿ. ತಾರೀಖಿನ ಹುಟ್ಟುಹಬ್ಬ, ಮದುವೆಯ ದಿನ, ವಿಮೆಯ ಕಂತು, ರಾಜ್ಯೋತ್ಸವ ಇವುಗಳಿಗೆ 'ಪ್ರತಿ ವರ್ಷ' ಒತ್ತಬಹುದು. ಹಿರಿಯರ ತಿಥಿ, ಯುಗಾದಿ, ಕಾರ ಹುಣ್ಣಿಮೆ, ಅಕ್ಕಲಕೋಟ ಸ್ವಾಮಿ ಸಮರ್ಥರ ಪುಣ್ಯತಿಥಿ ಇವುಗಳನ್ನು ಪಂಚಾಂಗ ನೋಡಿ ವರ್ಷ ವರ್ಷ ಹೊಸದಾಗಿ ಬರೆಯಬೇಕು. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ ಮಕರ ಸಂಕ್ರಾಂತಿಗೆ, ಅಂದರೆ ಸೂರ್ಯನ ಲೆಕ್ಕಕ್ಕೆ ಸೇರಿದ್ದು. ಅದು ಜನವರಿ 14ರ ಆಸುಪಾಸಿನಲ್ಲೇ ಇರುತ್ತದೆ, ಒಂದು ದಿನ ಹಿಂದೆ ಮುಂದೆ ಆಗುವುದನ್ನಷ್ಟೇ ನೋಡಿಕೊಳ್ಳಿ.

ಶಾಲೆಯ ರಜೆಗಳೂ ಹಾಗೆಯೇ. ಆಯಾ ಶಾಲೆಯ ಸೂಚನೆ ಬಂದ ಮೇಲೆ ಮೊದಲ ದಿನದಿಂದ ಕೊನೆಯ ದಿನದವರೆಗೆ 'ಇಡೀ ದಿನ' ಎಂದು ಬರೆಯಿರಿ. ಎರಡೂ ರಾಜ್ಯದ ಮಕ್ಕಳಿಗೆ ಒಟ್ಟಿಗೆ ಬಿಡುವಿರುವ ವಾರ ಯಾವುದೆಂದು ಕಣ್ಣಿಗೇ ಕಾಣುತ್ತದೆ.

ಇನ್ನೆರಡು ಮಾತು

ನೆನಪಿನ ಗಂಟೆ ನೀವು ಇಟ್ಟರೆ ಅದು ಬಾರಿಸುವುದು ನಿಮ್ಮ ಮೊಬೈಲ್‌ನಲ್ಲಿ ಮಾತ್ರ. ಉಳಿದವರು ತಮ್ಮ ತಮ್ಮದರಲ್ಲಿ ತಾವೇ ಇಟ್ಟುಕೊಳ್ಳಬೇಕು. ಊರಿಗೆ ಬರುವವರು ಒಂದು ವಾರ ಮೊದಲೇ ಬಾರಿಸುವಂತೆ ಇಟ್ಟುಕೊಂಡರೆ ರಜೆ ಕೇಳಲು, ಬಸ್ಸಿನ ಟಿಕೆಟ್ ತೆಗೆಸಲು ಸಮಯ ಸಿಗುತ್ತದೆ.

ಸಾದಾ ಮೊಬೈಲ್‌ಗೆ ಎಸ್ಸೆಮ್ಮೆಸ್ ಕಳಿಸುವ ಸೌಲಭ್ಯವನ್ನು ಗೂಗಲ್ 2019ರ ಜನವರಿಯಲ್ಲಿ ನಿಲ್ಲಿಸಿತು. ಮನೆಯ ಹಿರಿಯರಿಗಾಗಿ ಆಯಾ ತಿಂಗಳ ಪುಟವನ್ನು ಗಣಕದಿಂದ ಮುದ್ರಿಸಿ ಕಾಲನಿರ್ಣಯದ ಪಕ್ಕ ತೂಗುಹಾಕಿ.

ನಮ್ಮಲ್ಲಿ ಈಗ ಯುಗಾದಿಯಂದು ಪಂಚಾಂಗ ಓದಿದ ಮೇಲೆ ಮಗಳು ಮೊಬೈಲ್ ಹಿಡಿದು ಕೂರುತ್ತಾಳೆ. ಅವ್ವ ತಿಥಿ ಹೇಳುತ್ತಾಳೆ, ನಾನು ತಾರೀಖು ಹುಡುಕುತ್ತೇನೆ, ಅವಳು ಬರೆಯುತ್ತಾಳೆ. ಅರ್ಧ ತಾಸಿನ ಕೆಲಸ. ಎಳ್ಳ ಅಮಾವಾಸ್ಯೆಯನ್ನು ಮಾತ್ರ ಅವ್ವ ಎರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾಳೆ.